ಬೈಕಿನ ವೈರಿಂಗ್ ನಕ್ಷೆ: ಸರಿಯಾದದ್ದನ್ನು ಹುಡುಕಿ, ಓದಿ, ದೋಷ ಹಿಡಿಯುವ ಬಗೆ

ಬೈಕಿನ ಎಲೆಕ್ಟ್ರಿಕಲ್ ರಿಪೇರಿಯಲ್ಲಿ ದುಡ್ಡು ಹೆಚ್ಚು ಪೋಲಾಗುವುದು ಚೆನ್ನಾಗಿರುವ ಭಾಗಗಳನ್ನು ಬದಲಿಸುವುದರಲ್ಲಿ. ಚಾರ್ಜ್ ಆಗುತ್ತಿಲ್ಲ ಎಂದು ಮೊದಲು ಬ್ಯಾಟರಿ, ಆಮೇಲೆ ಆರ್‌ಆರ್ ಯೂನಿಟ್ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಮಿತಿಯಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್), ಅದಾದ ಮೇಲೆ ಸ್ಟೇಟರ್ (ಎಂಜಿನ್ನಿನೊಳಗೆ ಕರೆಂಟು ಹುಟ್ಟಿಸುವ ಕಾಯಿಲ್) ಹಾಕಿಸುತ್ತಾರೆ. ಕೊನೆಗೆ ಬಿಚ್ಚಿ ನೋಡಿದರೆ ಒಂದು ಕಪ್ಲರಿನೊಳಗಿನ (ವೈರ್‌ಗಳನ್ನು ಕೂಡಿಸುವ ಪ್ಲಗ್) ಪಿನ್ ಸುಟ್ಟು ಕಪ್ಪಾಗಿರುತ್ತದೆ. ವೈರಿಂಗ್ ನಕ್ಷೆಯಿಂದ ಆಗುವ ಉಪಕಾರ ಇಷ್ಟೇ: ಮಲ್ಟಿಮೀಟರಿನ ಪ್ರೋಬನ್ನು (ಅಳೆಯುವ ಕಡ್ಡಿ) ಎಲ್ಲಿ ಇಡಬೇಕು, ಅಲ್ಲಿ ಎಷ್ಟು ವೋಲ್ಟ್ ಸಿಗಬೇಕು ಎಂಬುದು ಗೊತ್ತಾಗುತ್ತದೆ. ದೋಷ ಯಾವುದೆಂದು ನಕ್ಷೆ ಹೇಳದು, ಅದನ್ನು ಅಳತೆಯೇ ಹೇಳಬೇಕು.

ನಿಮ್ಮ ಬೈಕಿನದೇ ನಕ್ಷೆ

ಮಾದರಿಯ ಹೆಸರು ಒಂದೇ ಇದ್ದರೆ ಸಾಲದು. ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದ ವರ್ಷ ಇಡೀ ಹಾರ್ನೆಸ್ (ಬೈಕಿನ ವೈರ್‌ಗಳ ಕಟ್ಟು) ಬದಲಾಗಿರುತ್ತದೆ. ಎಬಿಎಸ್ ಇರುವ ಬೈಕಿಗೂ ಇಲ್ಲದ್ದಕ್ಕೂ ಬೇರೆ ಬೇರೆ ನಕ್ಷೆ. ಒಂದೇ ಬೈಕನ್ನು ಬೇರೆ ಬೇರೆ ದೇಶಗಳಿಗೆ ಕಳಿಸುವಾಗ ಹೆಡ್‌ಲೈಟ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಪಾಸಿಂಗ್ ಲೈಟ್ ಇವುಗಳಲ್ಲಿ ವ್ಯತ್ಯಾಸ ಮಾಡಿರುತ್ತಾರೆ. ಹಳೆಯ ಸಣ್ಣ ಬೈಕುಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಬ್ಯಾಟರಿಯಿಂದಲ್ಲ, ಮ್ಯಾಗ್ನೆಟ್ ಕಾಯಿಲಿನಿಂದ ನೇರವಾಗಿ ಎಸಿ ರೂಪದಲ್ಲಿ ಬರುತ್ತದೆ. ಅಂಥ ಬೈಕಿಗೆ ಬ್ಯಾಟರಿಯಿಂದ ಲೈಟ್ ಉರಿಯುವ ನಂತರದ ವರ್ಷದ ನಕ್ಷೆ ಹಿಡಿದು ಕೂತರೆ ಇಲ್ಲದ ವೈರನ್ನು ಹುಡುಕುತ್ತ ದಿನ ಕಳೆದುಹೋಗುತ್ತದೆ.

ಹಾಗಾಗಿ ಮೊದಲು ಚಾಸಿಸ್ ನಂಬರ್ ಬರೆದುಕೊಳ್ಳಿ, ಯಾವ ವರ್ಷದ, ಯಾವ ಆವೃತ್ತಿಯ ಬೈಕು ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ತಯಾರಕರ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ವರ್ಕ್‌ಶಾಪ್ ಮ್ಯಾನ್ಯುಯಲ್ ಅಂದರೂ ಅದೇ. ಬೈಕಿನ ಜೊತೆ ಕೊಡುವ ಓನರ್ಸ್ ಮ್ಯಾನ್ಯುಯಲ್ ಬೇರೆ, ಅದರಲ್ಲಿ ಸಾಮಾನ್ಯವಾಗಿ ನಕ್ಷೆ ಇರುವುದಿಲ್ಲ. ಕೆಲವು ಹಳೆಯ ಮಾದರಿಗಳ ಓನರ್ಸ್ ಮ್ಯಾನ್ಯುಯಲ್ ಕೊನೆಯ ಪುಟದಲ್ಲಿ ಮಾತ್ರ ಸಿಗುತ್ತದೆ. ಸರ್ವಿಸ್ ಮ್ಯಾನ್ಯುಯಲಿನಲ್ಲಿ ಎಲೆಕ್ಟ್ರಿಕಲ್ ಅಧ್ಯಾಯದಲ್ಲೋ ಪುಸ್ತಕದ ತೀರ ಕೊನೆಯಲ್ಲೋ ಮಡಚುವ ಹಾಳೆಯಾಗಿ ಇರುತ್ತದೆ. ವರ್ಷದ ಸಣ್ಣ ಬದಲಾವಣೆಗೆ ಹೊಸ ಪುಸ್ತಕ ಬರೆಯದೆ ಪೂರಕ ಸಂಪುಟ ಮಾತ್ರ ಹೊರಡಿಸುವುದು ರೂಢಿ. ನಿಮ್ಮ ವರ್ಷಕ್ಕೆ ಪೂರಕ ಇದ್ದರೆ ಅದರಲ್ಲಿನ ನಕ್ಷೆಯೇ ಲೆಕ್ಕ. ಹೇನ್ಸ್, ಕ್ಲೈಮರ್ ಪುಸ್ತಕಗಳ ಹಿಂಭಾಗದಲ್ಲೂ ನಕ್ಷೆಗಳಿವೆ, ಆದರೆ ಅವು ಅನೇಕ ವರ್ಷಗಳ ಮಾದರಿಗಳನ್ನು ಒಟ್ಟಿಗೆ ಕೊಡುವುದರಿಂದ ತಲೆಬರಹ ಓದದೆ ಪುಟ ಹಿಡಿಯಬೇಡಿ.

ನಿಮ್ಮ ವರ್ಷದ್ದು ಸಿಗದೆ ಹಿಂದಿನ ವರ್ಷದ್ದು ಮಾತ್ರ ಸಿಕ್ಕಿದರೆ ಸ್ಪೇರ್ ಪಾರ್ಟ್ಸ್ ಕ್ಯಾಟಲಾಗ್ ನೋಡಿ. ಮುಖ್ಯ ಹಾರ್ನೆಸ್ಸಿನ ಪಾರ್ಟ್ ನಂಬರ್ ಎರಡೂ ವರ್ಷಕ್ಕೆ ಒಂದೇ ಆಗಿದ್ದರೆ ನಕ್ಷೆಯನ್ನು ಧೈರ್ಯವಾಗಿ ಬಳಸಬಹುದು. ಹೋಂಡಾದಲ್ಲಿ ಮುಖ್ಯ ಹಾರ್ನೆಸ್ಸಿನ ನಂಬರ್ 32100 ಎಂದು ಶುರುವಾಗುತ್ತದೆ, ಮಧ್ಯದ ಅಕ್ಷರಗಳು ಮಾದರಿಯನ್ನು ಹೇಳುತ್ತವೆ. ಈ ಉಪಾಯ ಬಹಳ ಜನಕ್ಕೆ ತೋಚುವುದೇ ಇಲ್ಲ.

ನಕ್ಷೆ ಕೈಗೆ ಬಂದ ಮೇಲೂ ನಂಬುವ ಮೊದಲು ಮೂರು ಕಡೆ ತಾಳೆ ನೋಡಿ: ಇಗ್ನಿಷನ್ ಸ್ವಿಚ್ಚಿನ ವೈರ್‌ಗಳ ಬಣ್ಣ, ಆರ್‌ಆರ್ ಯೂನಿಟ್ಟಿನ ವೈರ್‌ಗಳು, ಮತ್ತೆ ಹೆಡ್‌ಲೈಟ್ ಡೂಮಿನೊಳಗಿನ ಒಂದು ದೊಡ್ಡ ಕಪ್ಲರಿನ ಪಿನ್ನುಗಳ ಸಂಖ್ಯೆ. ಮೂರೂ ಕೂಡಿಬಂದರೆ ಮುಂದುವರಿಯಿರಿ. ಒಂದು ಕಡೆ ಮಾತ್ರ ತಾಳೆಯಾಗದಿದ್ದರೆ ಅಲ್ಲಿ ಹಿಂದೆ ಯಾರೋ ಕೈಯಾಡಿಸಿದ್ದಾರೆ ಎಂದುಕೊಳ್ಳಿ. ಫಾಗ್ ಲ್ಯಾಂಪ್, ಅಲಾರಂ, ಜೋಡಿ ಹಾರನ್ ಹಾಕಿಸಿದ ಬೈಕುಗಳಲ್ಲಿ ದೋಷ ಹುಡುಕುವ ಮೊದಲ ಜಾಗವೂ ಅದೇ.

ಸ್ಕ್ಯಾನ್ ಮಾಡಿದ ಪಿಡಿಎಫ್ ಪ್ರತಿಗಳಲ್ಲಿ ಅಕ್ಷರ ಮಸುಕಾಗಿ ‘ಜಿ’ ಯಾವುದು ‘ಬಿ’ ಯಾವುದು ತಿಳಿಯುವುದಿಲ್ಲ. ಎ3 ಹಾಳೆಯಲ್ಲಿ ದೊಡ್ಡದಾಗಿ ಮುದ್ರಿಸಿ, ಒಂದಲ್ಲ, ಮೂರು ನಾಲ್ಕು ಪ್ರತಿ ತೆಗೆದುಕೊಳ್ಳಿ. ಅದರ ಮೇಲೆ ಗೀಚುವ ಕೆಲಸವಿದೆ.

ಬಣ್ಣದ ಸಂಕೇತ ಎಲ್ಲರದೂ ಒಂದೇ ಅಲ್ಲ

ಹೆಚ್ಚಿನವರು ಎಡವುವುದು ಇಲ್ಲಿ. ‘ಬಿಎಲ್’ ಎಂದರೆ ಹೋಂಡಾ ನಕ್ಷೆಯಲ್ಲಿ ಕಪ್ಪು, ನೀಲಿಗೆ ಅವರು ‘ಬಿಯು’ ಬರೆಯುತ್ತಾರೆ. ಅದೇ ‘ಬಿಎಲ್’ ಕವಾಸಾಕಿಯಲ್ಲಿ ನೀಲಿ, ಕಪ್ಪಿಗೆ ‘ಬಿಕೆ’. ಯಮಹಾದಲ್ಲಿ ಕಪ್ಪು ಬರೀ ‘ಬಿ’, ನೀಲಿ ‘ಎಲ್’. ಪ್ರತಿ ನಕ್ಷೆಯ ಮೂಲೆಯಲ್ಲಿ ಸಂಕೇತಗಳ ಪಟ್ಟಿ ಇರುತ್ತದೆ, ಬೇರೆ ಏನನ್ನೂ ಓದುವ ಮೊದಲು ಅದನ್ನು ಓದಿ. ಎರಡು ಬಣ್ಣ ಬರೆದಿದ್ದರೆ ಮೊದಲನೆಯದು ವೈರಿನ ಮೈಬಣ್ಣ, ಎರಡನೆಯದು ಅದರ ಮೇಲಿನ ಪಟ್ಟೆ. ಹಸಿರು ಮೈಯ ಕೆಂಪು ಪಟ್ಟೆಯೂ ಕೆಂಪು ಮೈಯ ಹಸಿರು ಪಟ್ಟೆಯೂ ಎರಡು ಬೇರೆ ವೈರ್‌ಗಳು. ಎಂಜಿನ್ನಿನ ಬಿಸಿಗೆ ಹಳೆಯ ವೈರ್ ಬಣ್ಣಗೆಟ್ಟಿರುತ್ತದೆ. ಕಪ್ಲರಿನಿಂದ ಸ್ವಲ್ಪ ದೂರ ಟೇಪ್ ಬಿಚ್ಚಿ, ಬಟ್ಟೆಯಿಂದ ಒರೆಸಿ ನೋಡಿದರೆ ಮೂಲ ಬಣ್ಣ ಕಾಣುತ್ತದೆ.

ಅರ್ಥ್ ವೈರ್ (ಚಾಸಿಸ್ಸಿಗೆ ಕೂಡಿರುವ, ಕರೆಂಟು ಬ್ಯಾಟರಿಗೆ ಹಿಂತಿರುಗುವ ವೈರ್) ಹೋಂಡಾದಲ್ಲಿ ಹಸಿರು, ಯಮಹಾದಲ್ಲಿ ಕಪ್ಪು, ಸುಜುಕಿಯಲ್ಲಿ ಕಪ್ಪು ಮೇಲೆ ಬಿಳಿ ಪಟ್ಟೆ, ಕವಾಸಾಕಿಯ ಹಲವು ಮಾದರಿಗಳಲ್ಲಿ ಕಪ್ಪು ಮೇಲೆ ಹಳದಿ ಪಟ್ಟೆ, ಬಿಎಂಡಬ್ಲ್ಯು ಬೈಕುಗಳಲ್ಲಿ ಕಂದು. ಅಪಾಯ ಎಲ್ಲಿ ಎಂದರೆ, ಹೋಂಡಾದಲ್ಲಿ ಬರೀ ಕಪ್ಪು ವೈರ್ ಕೀ ಆನ್ ಮಾಡಿದಾಗ ಬರುವ ಪಾಸಿಟಿವ್. ಯಮಹಾ ರೂಢಿಯವರು ಅದನ್ನು ಅರ್ಥ್ ಎಂದುಕೊಂಡು ಚಾಸಿಸ್ಸಿಗೆ ಮುಟ್ಟಿಸಿದರೆ ಫ್ಯೂಸ್ ಹಾರುತ್ತದೆ. ಹಳೆಯ ಬ್ರಿಟಿಷ್ ಬೈಕುಗಳ, ಬ್ಯಾಟರಿಯ ಪಾಸಿಟಿವ್ ಅನ್ನೇ ಚಾಸಿಸ್ಸಿಗೆ ಜೋಡಿಸುವ ಪಾಸಿಟಿವ್ ಅರ್ಥ್ ವ್ಯವಸ್ಥೆಯಲ್ಲಂತೂ ಕೆಂಪೇ ಅರ್ಥ್. ಜರ್ಮನ್ ನಕ್ಷೆಗಳಲ್ಲಿ ಬಣ್ಣಕ್ಕಿಂತ ಟರ್ಮಿನಲ್ ಸಂಖ್ಯೆಗಳು ಮುಖ್ಯ: 30 ಎಂದರೆ ಬ್ಯಾಟರಿಯಿಂದ ನೇರ, 15 ಎಂದರೆ ಕೀ ಆನ್ ಆದಾಗ, 31 ಅರ್ಥ್, 50 ಸ್ಟಾರ್ಟರ್. ಬಿಡಿಯಾಗಿ ಸಿಗುವ ರಿಲೇಗಳ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಮೇಲೂ ಇದೇ ಪದ್ಧತಿ: 85 ಮತ್ತು 86 ಕಾಯಿಲ್, 30 ಮತ್ತು 87 ಕಾಂಟ್ಯಾಕ್ಟ್, 87ಎ ಇದ್ದರೆ ಅದು ರಿಲೇ ಆಫ್ ಇರುವಾಗ ಕೂಡಿರುವ ಕಾಂಟ್ಯಾಕ್ಟ್.

ಗೆರೆಗಳನ್ನು ಓದುವುದು

ಎರಡು ಗೆರೆ ದಾಟುವ ಕಡೆ ಚುಕ್ಕೆ ಇದ್ದರೆ ಅವು ಕೂಡಿವೆ, ಇಲ್ಲದಿದ್ದರೆ ಸುಮ್ಮನೆ ದಾಟಿವೆ. ನಕ್ಷೆಯನ್ನು ಸಾಮಾನ್ಯವಾಗಿ ಕೀ ಆಫ್, ರಿಲೇಗಳು ವಿಶ್ರಾಂತಿಯಲ್ಲಿ ಇರುವ ಸ್ಥಿತಿಯಲ್ಲಿ ಬರೆದಿರುತ್ತಾರೆ. ಸ್ವಿಚ್ಚುಗಳನ್ನು ಚೌಕಗಳ ಪಟ್ಟಿಯಾಗಿ ತೋರಿಸುವುದು ಜಪಾನಿ ನಕ್ಷೆಗಳ ರೀತಿ: ಒಂದು ಬದಿಗೆ ಸ್ವಿಚ್ಚಿನ ಸ್ಥಿತಿಗಳು, ಇನ್ನೊಂದು ಬದಿಗೆ ವೈರ್ ಬಣ್ಣಗಳು. ಒಂದು ಸಾಲಿನಲ್ಲಿ ಎರಡು ಸೊನ್ನೆಗಳನ್ನು ಗೆರೆಯಿಂದ ಜೋಡಿಸಿದ್ದರೆ ಆ ಸ್ಥಿತಿಯಲ್ಲಿ ಆ ಎರಡು ವೈರ್ ಕೂಡುತ್ತವೆ. ಸ್ವಿಚ್ಚಿನ ಕಪ್ಲರ್ ಬಿಚ್ಚಿ, ಮೀಟರನ್ನು ಕಂಟಿನ್ಯುಟಿಗೆ (ದಾರಿ ಕೂಡಿದ್ದರೆ ಬೀಪ್ ಎನ್ನುವ ಸ್ಥಾನ) ಇಟ್ಟು, ಸಾಲು ಸಾಲಾಗಿ ಪರೀಕ್ಷಿಸಿದರೆ ಸ್ವಿಚ್ಚಿನ ತೀರ್ಮಾನ ಎರಡು ನಿಮಿಷದಲ್ಲಿ ಆಗುತ್ತದೆ.

ಕಪ್ಲರ್ ಚಿತ್ರದಲ್ಲಿ ಒಂದು ಮೋಸವಿದೆ. ಚಿತ್ರ ಬರೆದಿರುವುದು ಪಿನ್ನುಗಳ ಮುಖದಿಂದಲೋ ವೈರ್ ಹೊರಬರುವ ಹಿಂಬದಿಯಿಂದಲೋ ಎಂದು ನೋಡಿಕೊಳ್ಳದಿದ್ದರೆ ಎಡಬಲ ಅದಲುಬದಲಾಗುತ್ತದೆ. ಲಾಕ್ ಕ್ಲಿಪ್ ಯಾವ ಕಡೆ ಇದೆ ಎಂಬುದನ್ನು ಗುರುತಾಗಿ ಹಿಡಿದು, ಒಂದಾದರೂ ವೈರಿನ ಬಣ್ಣ ಸರಿಹೊಂದಿಸಿಕೊಂಡು ಮುಂದೆ ಹೋಗಿ.

ಇಡೀ ನಕ್ಷೆಯನ್ನು ಒಟ್ಟಿಗೆ ಅರ್ಥ ಮಾಡಿಕೊಳ್ಳಲು ಹೋಗುವ ಅಗತ್ಯವಿಲ್ಲ. ಕೆಟ್ಟಿರುವ ಒಂದು ಸರ್ಕ್ಯೂಟ್ ಮಾತ್ರ ಆರಿಸಿಕೊಳ್ಳಿ. ಬ್ಯಾಟರಿ ಪಾಸಿಟಿವ್‌ನಿಂದ ಹೊರಟು ಫ್ಯೂಸ್, ಸ್ವಿಚ್, ಕಪ್ಲರ್ ದಾಟಿ ಬಲ್ಬು ಅಥವಾ ಮೋಟಾರಿನ ತನಕ ಒಂದು ಬಣ್ಣದ ಮಾರ್ಕರಿನಲ್ಲಿ ಎಳೆಯಿರಿ. ಅಲ್ಲಿಂದ ಬ್ಯಾಟರಿ ನೆಗೆಟಿವ್ ತನಕ ಇನ್ನೊಂದು ಬಣ್ಣ. ದಾರಿಯಲ್ಲಿ ಬರುವ ಪ್ರತಿ ಕಪ್ಲರಿಗೂ ಸಂಖ್ಯೆ ಹಾಕಿ. ಆಮೇಲೆ ಅದೇ ಫ್ಯೂಸಿನಿಂದ, ಅದೇ ಅರ್ಥ್ ಬಿಂದುವಿನಿಂದ ಬೇರೆ ಏನೇನು ನಡೆಯುತ್ತದೆ ಎಂದು ನೋಡಿ. ಹಾರನ್ ಸತ್ತಿದೆ, ಆದರೆ ಅದೇ ಫ್ಯೂಸಿನ ಬ್ರೇಕ್ ಲೈಟ್ ಉರಿಯುತ್ತದೆ ಎಂದರೆ ಫ್ಯೂಸೂ ಇಗ್ನಿಷನ್ ಸ್ವಿಚ್ಚೂ ಲೆಕ್ಕದಿಂದ ಹೊರಗೆ. ಎರಡರ ದಾರಿ ಎಲ್ಲಿ ಕವಲೊಡೆಯುತ್ತದೋ ಅಲ್ಲಿಂದ ಮುಂದೆ ಮಾತ್ರ ಹುಡುಕಿದರೆ ಸಾಕು. ಸ್ಪಾನರ್ ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ಅಳೆಯುವಾಗ ಲೋಡ್ ಇರಲಿ

ಡಿಜಿಟಲ್ ಮಲ್ಟಿಮೀಟರ್ ಒಂದು, 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದ್ದು ಒಂದು, ಕಪ್ಲರಿನ ಹಿಂದಿನಿಂದ ತೂರಿಸಲು ತೆಳ್ಳನೆಯ ಸೂಜಿ ಪ್ರೋಬ್. ಇಷ್ಟು ಸಾಕು. ವೈರಿನ ಇನ್ಸುಲೇಷನ್ ಚುಚ್ಚಬೇಡಿ, ಆ ತೂತಿನಿಂದ ನೀರು ಇಳಿದು ಕೆಲವು ತಿಂಗಳಲ್ಲಿ ತಾಮ್ರ ಹಸಿರುಗಟ್ಟಿ ಪುಡಿಯಾಗುತ್ತದೆ.

ಮೊದಲು ಬ್ಯಾಟರಿ. ಕೀ ಆಫ್ ಮಾಡಿ ಕೆಲವು ಗಂಟೆ ಬಿಟ್ಟು ನೋಡಿದರೆ 12.6ರಿಂದ 12.8 ವೋಲ್ಟ್ ಇರಬೇಕು. 12.0ಕ್ಕೆ ಇಳಿದಿದ್ದರೆ ಅದು ಬಹುತೇಕ ಖಾಲಿ. ಚಾರ್ಜ್ ಮಾಡದೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ. ಸೆಲ್ಫ್ ಒತ್ತಿದಾಗ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ಮೇಲೆ ಅನುಮಾನ ಪಡಿ.

ಕಪ್ಲರ್ ಬಿಚ್ಚಿ ಅಳೆದಾಗ 12 ವೋಲ್ಟ್ ಕಂಡರೆ ವೈರ್ ಸರಿ ಇದೆ ಎಂದಾಗುವುದಿಲ್ಲ. ಮೀಟರ್ ಎಳೆಯುವ ಕರೆಂಟು ಎಷ್ಟು ಕಡಿಮೆಯೆಂದರೆ, ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿರುವ ವೈರೂ ಅದಕ್ಕೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಬಲ್ಬು ಹಾಕಿದ ಕೂಡಲೇ 4 ವೋಲ್ಟಿಗೆ ಬೀಳುತ್ತದೆ. ಕಂಟಿನ್ಯುಟಿಯ ಬೀಪ್ ಸದ್ದೂ ಇದೇ ಮೋಸ ಮಾಡುತ್ತದೆ. ಆದ್ದರಿಂದ ಎಲ್ಲ ಕಪ್ಲರ್ ಹಾಕಿಟ್ಟು, ಸ್ವಿಚ್ ಆನ್ ಮಾಡಿ, ಕರೆಂಟು ಹರಿಯುತ್ತಿರುವಾಗಲೇ ಅಳೆಯಿರಿ. ಒಂದು ಪ್ರೋಬ್ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಬಲ್ಬಿನ ಅರ್ಥ್ ವೈರಿಗೆ. 0.2 ವೋಲ್ಟಿನೊಳಗೆ ಇದ್ದರೆ ಅರ್ಥ್ ಚೆನ್ನಾಗಿದೆ. 1 ಅಥವಾ 2 ವೋಲ್ಟ್ ಬಂದರೆ ಆ ದಾರಿಯಲ್ಲಿ ತುಕ್ಕು, ಸಡಿಲ ಬೋಲ್ಟ್, ಬಣ್ಣ ಬಳಿದ ಚಾಸಿಸ್ ಇದೆ. ಅದೇ ರೀತಿ ಬ್ಯಾಟರಿ ಪಾಸಿಟಿವ್‌ಗೂ ಬಲ್ಬಿನ ಪಾಸಿಟಿವ್‌ಗೂ ನಡುವೆ ಅಳೆಯಿರಿ, ಸುಮಾರು 0.5 ವೋಲ್ಟಿಗಿಂತ ಹೆಚ್ಚಿದ್ದರೆ ನೀವು ಸಂಖ್ಯೆ ಹಾಕಿಟ್ಟ ಕಪ್ಲರ್‌ಗಳಲ್ಲಿ ನಡುವಿನದಕ್ಕೆ ಹೋಗಿ. ಅಲ್ಲಿಯೇ ಈ ವೋಲ್ಟ್ ಕೊರತೆ ಕಂಡರೆ ದೋಷ ಹಿಂದಿದೆ, ಇಲ್ಲದಿದ್ದರೆ ಮುಂದಿದೆ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ನಾಲ್ಕು ಅಳತೆಯೊಳಗೆ ಜಾಗ ಸಿಗುತ್ತದೆ.

ಬಂದು ಹೋಗಿ ಮಾಡುವ ದೋಷವಾದರೆ ಮೀಟರ್ ಹಾಕಿಟ್ಟು ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಸ್ಟೀರಿಂಗ್ ಹೆಡ್ ಹತ್ತಿರ ಹಾರ್ನೆಸ್ ಬಾಗಿ ಬಾಗಿ ಒಳಗೇ ತುಂಡಾಗುತ್ತದೆ, ಹೊರಗೆ ಏನೂ ಕಾಣದು.

ಉದಾಹರಣೆ: ಸೆಲ್ಫ್ ಒತ್ತಿದರೆ ಸದ್ದೇ ಇಲ್ಲ

ಹೋಂಡಾ ಮಾದರಿಯ ಸಾಮಾನ್ಯ ಸರ್ಕ್ಯೂಟ್ ತೆಗೆದುಕೊಳ್ಳೋಣ. ಮೇನ್ ಫ್ಯೂಸ್, ಇಗ್ನಿಷನ್ ಸ್ವಿಚ್, ಕಿಲ್ ಸ್ವಿಚ್, ಸೆಲ್ಫ್ ಬಟನ್ ದಾಟಿ ಹಳದಿ-ಕೆಂಪು ವೈರ್ ಸ್ಟಾರ್ಟರ್ ರಿಲೇಯ ಕಾಯಿಲಿಗೆ ಬರುತ್ತದೆ. ಕಾಯಿಲಿನ ಇನ್ನೊಂದು ತುದಿಯಿಂದ ಹಸಿರು-ಕೆಂಪು ವೈರ್ ಹೊರಟು ಎರಡು ದಾರಿ ಹಿಡಿಯುತ್ತದೆ: ಒಂದು, ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೂಲಕ ನ್ಯೂಟ್ರಲ್ ಸ್ವಿಚ್ಚಿಗೆ, ಇನ್ನೊಂದು, ಕ್ಲಚ್ ಸ್ವಿಚ್ ಮತ್ತು ಸೈಡ್ ಸ್ಟ್ಯಾಂಡ್ ಸ್ವಿಚ್ ಮೂಲಕ ಅರ್ಥ್‌ಗೆ. ಡಯೋಡ್ ಇಲ್ಲದಿದ್ದರೆ ಕ್ಲಚ್ ಹಿಡಿದಾಗಲೆಲ್ಲ ನ್ಯೂಟ್ರಲ್ ದೀಪ ಉರಿಯುತ್ತಿತ್ತು. ಕೆಲವು ತಯಾರಕರು ಈ ಸುರಕ್ಷಾ ಸ್ವಿಚ್ಚುಗಳನ್ನು ಪಾಸಿಟಿವ್ ಕಡೆಗೆ ಇಡುತ್ತಾರೆ, ಆದ್ದರಿಂದ ನಿಮ್ಮ ನಕ್ಷೆಯಲ್ಲಿ ಎಲ್ಲಿದೆ ಎಂದು ನೋಡಿಕೊಂಡೇ ಮುಂದಿನ ತರ್ಕ ಬಳಸಿ.

ಬೈಕು ನ್ಯೂಟ್ರಲ್‌ನಲ್ಲಿ, ಕೀ ಆನ್, ಕಿಲ್ ಸ್ವಿಚ್ ರನ್ ಕಡೆಗೆ. ರಿಲೇಯ ಕಪ್ಲರ್ ಹಾಕಿದ್ದಂತೆಯೇ ಹಿಂದಿನಿಂದ ಪ್ರೋಬ್ ತೂರಿಸಿ, ಮೀಟರಿನ ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್‌ಗೆ ಇಟ್ಟು, ಬಟನ್ ಒತ್ತಿ ಹಿಡಿದು ಎರಡೂ ವೈರ್ ಅಳೆಯಿರಿ.

ಎರಡರಲ್ಲೂ 0 ಬಂದರೆ ಪಾಸಿಟಿವ್ ಕಡೆ ಕಡಿದಿದೆ: ಕಿಲ್ ಸ್ವಿಚ್, ಬಟನ್ ಅಥವಾ ಫ್ಯೂಸ್. ಎರಡರಲ್ಲೂ 12 ಬಂದರೆ ಅರ್ಥ್ ಕಡೆ ಕಡಿದಿದೆ. ಕರೆಂಟು ಹರಿಯದಿರುವುದರಿಂದ ಕಾಯಿಲ್ ದಾಟಿದ ಮೇಲೂ ಪೂರ್ತಿ ವೋಲ್ಟೇಜ್ ಹಾಗೇ ಕಾಣುತ್ತದೆ. ಆಗ ಕ್ಲಚ್ ಹಿಡಿದು ಸೈಡ್ ಸ್ಟ್ಯಾಂಡ್ ಎತ್ತಿ ನೋಡಿ. ಅಷ್ಟಕ್ಕೇ ಸ್ಟಾರ್ಟ್ ಆದರೆ ನ್ಯೂಟ್ರಲ್ ಸ್ವಿಚ್ ಅಥವಾ ಡಯೋಡ್ ದಾರಿ ಕೆಟ್ಟಿದೆ. ನ್ಯೂಟ್ರಲ್ ದೀಪ ಸರಿಯಾಗಿ ಉರಿಯುತ್ತಿದ್ದರೆ ಸ್ವಿಚ್ ನಿರಪರಾಧಿ, ಡಯೋಡ್ ಹಿಡಿಯಿರಿ. ಹಳದಿ-ಕೆಂಪಿನಲ್ಲಿ 12, ಹಸಿರು-ಕೆಂಪಿನಲ್ಲಿ ಸೊನ್ನೆಯ ಹತ್ತಿರ ಬಂದೂ ‘ಟಕ್’ ಎನ್ನದಿದ್ದರೆ ಕಾಯಿಲೇ ಸುಟ್ಟಿದೆ. ನ್ಯೂಟ್ರಲ್ ದಾರಿಯಲ್ಲಿ ಡಯೋಡ್ ಇರುವುದರಿಂದ 0.7 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ಉಳಿಯುವುದು ಸಹಜ, ಅದನ್ನು ದೋಷ ಎಂದುಕೊಳ್ಳಬೇಡಿ. 3 ಅಥವಾ 4 ವೋಲ್ಟ್ ಉಳಿದರೆ ಮಾತ್ರ ಯಾವುದೋ ಸ್ವಿಚ್ಚಿನ ಕಾಂಟ್ಯಾಕ್ಟಿನಲ್ಲಿ ಕಾರ್ಬನ್ ಕೂತಿದೆ.

‘ಟಕ್’ ಎನ್ನುತ್ತದೆ, ಮೋಟಾರ್ ತಿರುಗುವುದಿಲ್ಲ ಎನ್ನುವ ದೂರು ಬೇರೆ. ರಿಲೇಯ ಎರಡು ದಪ್ಪ ಟರ್ಮಿನಲ್‌ಗಳ ನಡುವೆ ಮೀಟರ್ ಇಟ್ಟು ಬಟನ್ ಒತ್ತಿ. 12 ವೋಲ್ಟ್ ಹಾಗೇ ಉಳಿದರೆ ಒಳಗಿನ ಕಾಂಟ್ಯಾಕ್ಟ್ ಕೂಡುತ್ತಿಲ್ಲ. ಸೊನ್ನೆಯ ಹತ್ತಿರ ಬಂದರೆ ರಿಲೇ ಬಿಟ್ಟು ಮೋಟಾರಿನ ಕಡೆ ಹೋಗಿ.

ಫ್ಯೂಸ್ ಹಾರುತ್ತಲೇ ಇದ್ದರೆ

ದೊಡ್ಡ ಫ್ಯೂಸ್ ಹಾಕುವುದು ಹಾರ್ನೆಸ್ಸಿಗೇ ಬೆಂಕಿ ಇಟ್ಟಂತೆ. ಹಾರಿದ ಫ್ಯೂಸಿನ ಎರಡು ಕಾಲಿಗೆ ಮೇಲೆ ಹೇಳಿದ 21 ವ್ಯಾಟ್ ಬಲ್ಬಿನ ವೈರ್ ಬೆಸೆದು ಫ್ಯೂಸ್ ಜಾಗದಲ್ಲಿ ಕೂರಿಸಿ. ಎಷ್ಟೇ ಶಾರ್ಟ್ ಇದ್ದರೂ ಬಲ್ಬು 1.75 ಆಂಪಿಯರ್ ಮೀರಿ ಬಿಡುವುದಿಲ್ಲ. ಅದು ಪೂರ್ತಿ ಪ್ರಖರವಾಗಿ ಉರಿದರೆ ಶಾರ್ಟ್ ಇದೆ. ಆ ಫ್ಯೂಸಿನಿಂದ ಹೊರಟ ಕವಲುಗಳನ್ನು ನಕ್ಷೆಯಲ್ಲಿ ನೋಡಿ ಒಂದೊಂದೇ ಕಪ್ಲರ್ ಬಿಚ್ಚುತ್ತ ಬನ್ನಿ, ಯಾವುದು ಬಿಚ್ಚಿದಾಗ ಬಲ್ಬು ಆರಿತೋ ಅಥವಾ ಮಂಕಾಯಿತೋ ಆ ಕವಲಿನಲ್ಲೇ ದೋಷ. ಸೀಟಿನ ಕೆಳಗೆ ಹಿಂಬದಿ ಮಡ್‌ಗಾರ್ಡಿಗೆ ಉಜ್ಜುವ ಜಾಗ, ಹ್ಯಾಂಡಲ್ ಕ್ಲಾಂಪ್, ಟ್ಯಾಂಕಿನ ಅಡಿ ಮೊದಲು ನೋಡಿ. ಇಸಿಯುಗೆ (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಯೂನಿಟ್) ಹೋಗುವ ಫ್ಯೂಸ್ ಆಗಿದ್ದರೆ ಮೊದಲೇ ಕೀ ಆಫ್ ಮಾಡಿ ಇಸಿಯು ಕಪ್ಲರ್ ಬಿಚ್ಚಿಡಿ.

ವಿಚಿತ್ರವಾಗಿ ಕಾಣುವ ದೋಷಗಳು

ಬ್ರೇಕ್ ಒತ್ತಿದರೆ ಸ್ಪೀಡೋಮೀಟರಿನ ದೀಪ ಮಿಣಿಮಿಣಿ ಉರಿಯುತ್ತದೆ ಎಂಬ ದೂರು ನಕ್ಷೆ ಇಲ್ಲದೆ ಬಿಡಿಸಲಾಗದ ಒಗಟು. ಹಿಂದಿನ 21/5 ವ್ಯಾಟ್ ಬಲ್ಬಿನ ಎರಡು ಫಿಲಮೆಂಟಿಗೂ ಅರ್ಥ್ ಒಂದೇ. ಆ ಅರ್ಥ್ ಕಡಿದರೆ ಬ್ರೇಕಿನ ಕರೆಂಟು 21 ವ್ಯಾಟ್ ಫಿಲಮೆಂಟ್ ದಾಟಿ, 5 ವ್ಯಾಟ್ ಫಿಲಮೆಂಟಿನಲ್ಲಿ ಹಿಮ್ಮುಖವಾಗಿ ಹರಿದು, ಟೈಲ್ ಲೈಟ್ ವೈರಿನ ಮೂಲಕ ಸ್ಪೀಡೋಮೀಟರ್ ದೀಪಗಳಿಗೆ ಹೋಗಿ ಅಲ್ಲಿ ಅರ್ಥ್ ಹುಡುಕಿಕೊಳ್ಳುತ್ತದೆ. ಎರಡು ಸಂಬಂಧವಿಲ್ಲದ ದೀಪಗಳು ಒಟ್ಟಿಗೆ ವರ್ತಿಸಿದರೆ ಅವುಗಳ ಸಾಮಾನ್ಯ ಅರ್ಥ್ ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕಿ.

ಎಲ್‌ಇಡಿ ಇಂಡಿಕೇಟರ್ ಹಾಕಿದ ಮೇಲೆ ನಾಲ್ಕೂ ಒಟ್ಟಿಗೆ ಮಿನುಗುವುದೂ ಇದೇ ಜಾತಿ. ಸ್ಪೀಡೋಮೀಟರಿನಲ್ಲಿ ಒಂದೇ ಇಂಡಿಕೇಟರ್ ದೀಪ ಇರುವ ಬೈಕುಗಳಲ್ಲಿ ಅದನ್ನು ಎಡ ಬಲ ವೈರ್‌ಗಳ ನಡುವೆ ಜೋಡಿಸಿರುತ್ತಾರೆ. ಎಡಗಡೆ ಮಿನುಗುವಾಗ ಅದು ಬಲಗಡೆಯ ಬಲ್ಬುಗಳ ಮೂಲಕ ಅರ್ಥ್ ಪಡೆಯುತ್ತದೆ. ಹಳೆಯ ಬಲ್ಬಿಗೆ ಅಷ್ಟು ಸಣ್ಣ ಕರೆಂಟು ಲೆಕ್ಕಕ್ಕಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಎಡ ಬಲ ವೈರ್‌ಗಳಿಂದ ಒಂದೊಂದು 1ಎನ್4007 ಡಯೋಡ್ ಹಾಕಿ ದೀಪದ ಒಂದು ಕಾಲಿಗೆ ಸೇರಿಸಿ, ಇನ್ನೊಂದು ಕಾಲನ್ನು ಅರ್ಥ್ ಮಾಡಿದರೆ ಸರಿಯಾಗುತ್ತದೆ. ಡಯೋಡಿನ ಪಟ್ಟೆ ದೀಪದ ಕಡೆಗೆ ಇರಬೇಕು.

ಚಾರ್ಜಿಂಗ್

ಎಂಜಿನ್ ಸುಮಾರು 5000 ಆರ್‌ಪಿಎಂನಲ್ಲಿ ಇರುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ಕಡಿಮೆ ಬಂದರೆ ಎಂಜಿನ್ ಆಫ್ ಮಾಡಿ ಸ್ಟೇಟರ್ ಕಪ್ಲರ್ ಬಿಚ್ಚಿ. ಮೂರು ವೈರ್‌ಗಳಲ್ಲಿ ಯಾವ ಎರಡರ ನಡುವೆ ಅಳೆದರೂ ಒಂದೇ ಬೆಲೆ, ಸಾಮಾನ್ಯವಾಗಿ 1 ಓಮ್‌ಗಿಂತ ಕಡಿಮೆ ಇರಬೇಕು. ಮೊದಲು ಮೀಟರಿನ ಎರಡು ಪ್ರೋಬ್ ಕೂಡಿಸಿ ಬರುವ 0.2 ಅಥವಾ 0.3 ಓಮ್ ಕಳೆಯಿರಿ. ಯಾವ ವೈರಿಗೂ ಚಾಸಿಸ್ಸಿಗೂ ಕಂಟಿನ್ಯುಟಿ ಇರಬಾರದು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಎಸಿ ವೋಲ್ಟ್ ನೋಡಿ: ಮೂರು ಜೋಡಿಗಳಲ್ಲೂ ಸಮನಾಗಿ ಏರಬೇಕು. ವೇಗ ಹೆಚ್ಚಿದಾಗ 50 ವೋಲ್ಟ್ ದಾಟುತ್ತದೆ, ಪಿನ್ ಮುಟ್ಟಬೇಡಿ. ಸ್ಟೇಟರ್ ಸರಿ ಇದ್ದರೆ ಕಪ್ಲರ್ ಹಾಕಿ, ಆರ್‌ಆರ್ ಯೂನಿಟ್ಟಿನ ಪಾಸಿಟಿವ್‌ಗೂ ಬ್ಯಾಟರಿ ಪಾಸಿಟಿವ್‌ಗೂ ನಡುವಿನ ಕೊರತೆ ಅಳೆಯಿರಿ. 0.3 ವೋಲ್ಟ್ ಮೀರಿದರೆ ಯೂನಿಟ್ ಬದಲಿಸುವ ಮೊದಲು ನಡುವಿನ ಕಪ್ಲರ್ ನೋಡಿ.

15 ವೋಲ್ಟ್ ಮೀರಿ ಚಾರ್ಜ್ ಆಗುತ್ತಿದ್ದರೆ ನಕ್ಷೆಯಲ್ಲಿ ಆರ್‌ಆರ್ ಯೂನಿಟ್ಟಿಗೆ ಸೆನ್ಸ್ ವೈರ್ ಇದೆಯೇ ಎಂದು ನೋಡಿ. ಹಳೆಯ ಹೋಂಡಾಗಳಲ್ಲಿ ಅದು ಇಗ್ನಿಷನ್ ಸ್ವಿಚ್ ದಾಟಿ ಬರುವ ಕಪ್ಪು ವೈರ್. ಸ್ವಿಚ್ಚಿನಲ್ಲಿ 1 ವೋಲ್ಟ್ ಕೊರತೆಯಾದರೆ ಯೂನಿಟ್ಟಿಗೆ ಬ್ಯಾಟರಿ 1 ವೋಲ್ಟ್ ಕಡಿಮೆ ಇದೆ ಎಂದು ಕಂಡು ಅಷ್ಟು ಹೆಚ್ಚು ತಳ್ಳುತ್ತದೆ. ಸ್ವಿಚ್ ತೊಳೆದರೆ ವಾಸಿಯಾಗುವ ದೋಷಕ್ಕೆ ಹೊಸ ಯೂನಿಟ್ ಕೊಂಡವರು ಬಹಳ.

ಇಸಿಯು ಇರುವ ಬೈಕುಗಳಲ್ಲಿ

ಇಸಿಯು ಪಿನ್ನುಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಮುಟ್ಟಿಸಲೇಬೇಡಿ. ಅದು ಎಳೆಯುವ ಕರೆಂಟಿಗೆ ಒಳಗಿನ ಟ್ರಾನ್ಸಿಸ್ಟರ್ ಸುಡಬಹುದು. ಥ್ರಾಟಲ್ ಸೆನ್ಸರಿನಂಥವಕ್ಕೆ 5 ವೋಲ್ಟ್ ಬರುತ್ತದೆ, ಅವುಗಳ ಅರ್ಥ್ ಚಾಸಿಸ್ಸಿಗಲ್ಲ, ಇಸಿಯುಗೇ ಹಿಂತಿರುಗುತ್ತದೆ. ಅದನ್ನು ಚಾಸಿಸ್ಸಿಗೆ ಜೋಡಿಸಿ ‘ಸರಿಪಡಿಸಿದರೆ’ ಸೆನ್ಸರ್ ತಪ್ಪು ಬೆಲೆ ಕೊಡುತ್ತದೆ. ಎಲೆಕ್ಟ್ರಾನಿಕ್ ಯೂನಿಟ್‌ಗಳು ಪರಸ್ಪರ ಮಾಹಿತಿ ಕಳಿಸುವ, ಎರಡು ತಿರುಚಿದ ವೈರ್‌ಗಳ ಕ್ಯಾನ್ ಲೈನ್ ಇದ್ದರೆ ಬ್ಯಾಟರಿ ಕಳಚಿ ಅವುಗಳ ನಡುವೆ ಅಳೆಯಿರಿ. ಎರಡು ತುದಿಯಲ್ಲಿ 120 ಓಮ್ ರೆಸಿಸ್ಟರ್ ಇರುವ ಲೈನಿನಲ್ಲಿ 60 ಓಮ್ ಬರಬೇಕು. 120 ಬಂದರೆ ಒಂದು ಕಡೆ ಕಡಿದಿದೆ.

ನಿಲ್ಲಿಸಿದರೆ ಬ್ಯಾಟರಿ ಇಳಿಯುವುದು

ಕೀ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಕಳಚಿ, ಕೇಬಲಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಮೊದಲು 10 ಆಂಪಿಯರ್ ರೇಂಜಿನಲ್ಲಿ ಸೇರಿಸಿ. ಕೆಲವು ನಿಮಿಷ ಕಾಯಿರಿ, ಎಲೆಕ್ಟ್ರಾನಿಕ್ ಯೂನಿಟ್‌ಗಳು ಮಲಗಲು ಅಷ್ಟು ಹೊತ್ತು ಬೇಕು. ಆಮೇಲೆ ಮಿಲಿ ಆಂಪಿಯರ್ ರೇಂಜಿಗೆ ಬನ್ನಿ. ಆಗ ಅಪ್ಪಿತಪ್ಪಿಯೂ ಕೀ ಆನ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಅಲಾರಂ ಇಲ್ಲದ ಬೈಕಿನಲ್ಲಿ ಒಂದೆರಡು ಮಿಲಿ ಆಂಪಿಯರ್ ಸಹಜ, ನಿಖರ ಮಿತಿ ಸರ್ವಿಸ್ ಮ್ಯಾನ್ಯುಯಲಿನಲ್ಲಿದೆ. 10 ಮಿಲಿ ಆಂಪಿಯರ್ ಸೋರಿಕೆ 30 ದಿನಕ್ಕೆ 7.2 ಆಂಪಿಯರ್-ಅವರ್, 9 ಆಂಪಿಯರ್-ಅವರ್ ಬ್ಯಾಟರಿ ಬಹುತೇಕ ಬರಿದು. ಫ್ಯೂಸ್‌ಗಳನ್ನು ಒಂದೊಂದೇ ಕೀಳುತ್ತ ಯಾವುದರಲ್ಲಿ ಅಂಕಿ ಇಳಿಯುತ್ತದೆ ನೋಡಿ. ಎಲ್ಲ ಕಿತ್ತರೂ ಇಳಿಯದಿದ್ದರೆ ಫ್ಯೂಸಿಗೂ ಮೊದಲೇ ಬ್ಯಾಟರಿಗೆ ಸೇರಿರುವ ವೈರ್‌ಗಳು ಯಾವುವು ಎಂದು ನಕ್ಷೆಯಲ್ಲಿ ಗುರುತಿಸಿ, ಅವುಗಳನ್ನು ಬಿಚ್ಚಿ. ನಕ್ಷೆಯಲ್ಲಿಲ್ಲದ ವೈರೊಂದು ಬ್ಯಾಟರಿ ಟರ್ಮಿನಲ್ ಮೇಲೆ ಕಂಡರೆ ಮೊದಲು ಅದನ್ನೇ ಕಳಚಿ ನೋಡಿ.